ಫೇವರಿಟ್ ಪ್ಲೇಯರ್ ಫಾರ್ಮ್ ಕಳ್ಕೊಂಡಾಗ ನೀವೆಲ್ಲ ಏನ್ ಮಾಡ್ತೀರಾ? ಅನುಭವ ಇದ್ರೆ ಹೇಳಿ

ಕೇಳಿದ್ದು:
ನಮಸ್ಕಾರ ಎಲ್ರಿಗೂ. ಚಿಕ್ಕ ವಯಸ್ಸಿಂದ ನಾನು ತುಂಬಾ ಇಷ್ಟಪಡೋ ಬ್ಯಾಟರ್ ಒಬ್ಬ ಇದಾನೆ, ಹೆಸರು ಬೇಡ, ಹೇಳಿದ್ರೆ ಇಲ್ಲಿ ಬರೀ ಅದೇ ಜಗಳ ಆಗುತ್ತೆ. ಒಂದು ಸೀಸನ್ ಪೂರ್ತಿ ಹೋಯ್ತು, ಎರಡನೇದೂ ಅರ್ಧ ಮುಗೀತು, ರನ್ನೇ ಇಲ್ಲ. ಟೀಮೂ ಟೇಬಲ್ಲಲ್ಲಿ ತಳದಲ್ಲಿದೆ. ಫ್ರೆಂಡ್ಸ್ ಗ್ರೂಪಲ್ಲಿ ದಿನಾ ಮೀಮು, ನಾನು ಸಪೋರ್ಟ್ ಮಾಡಿ ಮಾಡಿ ಸಾಕಾಗಿದೀನಿ. ಇದು ಬರೀ ಬ್ಯಾಡ್ ಪ್ಯಾಚಾ ಇಲ್ಲ ಅವನ ಆಟ ಮುಗೀತಾ ಅಂತ ನೀವು ಹೇಗೆ ಗೊತ್ತು ಮಾಡ್ಕೋತೀರಿ? ಟೀಮ್ ವಿಷಯಕ್ಕೂ ಇದೇ ಪ್ರಶ್ನೆ. ಎಲ್ಲಿ ತನಕ ಕಾಯ್ಬೇಕು, ಯಾವಾಗ ನಾವೇ ಬಾಯ್ಬಿಟ್ಟು ತೆಗೀರಪ್ಪ ಇವನನ್ನ ಅನ್ಬೇಕು?

ಸೆಕೆಂಡ್ ಸ್ಲಿಪ್:
ನಾನು ರನ್ ನೋಡಲ್ಲ ಗುರು, ಔಟಾಗಿದ್ದು ನೋಡ್ತೀನಿ. ಸ್ಕೋರ್‌ಕಾರ್ಡಲ್ಲಿ 4, 11, 0, 23 ಅಂತ ಇದ್ರೆ ಅದರಿಂದ ಏನೂ ತಿಳಿಯಲ್ಲ. ಒಂದರಲ್ಲಿ ರನೌಟು, ಒಂದರಲ್ಲಿ ಲೆಗ್ ಸೈಡಲ್ಲಿ ಕೀಪರ್‌ಗೆ ಕ್ಯಾಚು, ಇನ್ನೊಂದರಲ್ಲಿ ಯಾರಿಗೆ ಬಿದ್ದಿದ್ರೂ ಔಟೇ ಅನ್ನೋ ಬಾಲು, ಹೀಗೆ ಬೇರೆ ಬೇರೆ ತರ ಹೋಗ್ತಿದ್ರೆ ನಾನು ತಲೆ ಕೆಡಿಸ್ಕೊಳ್ಳೋದೇ ಇಲ್ಲ. ಸೂರ್ಯಕುಮಾರ್ ಯಾದವ್ 2023ರ ಮಾರ್ಚಲ್ಲಿ ಆಸ್ಟ್ರೇಲಿಯಾ ಮೇಲೆ ಮೂರು ಒನ್‌ಡೇಲೂ ಮೊದಲನೇ ಬಾಲಿಗೇ ಔಟ್. ಮೂರು ಮ್ಯಾಚ್ ಸೇರಿ ಆಡಿದ್ದು ಮೂರೇ ಬಾಲು, ಅದನ್ನ ಹಿಡ್ಕೊಂಡು ಜನ ಎಷ್ಟು ಪುಟ ಬರೆದ್ರು! ಅದರ ಬೆನ್ನಿಗೇ ಬಂದ ಐಪಿಎಲ್ಲಲ್ಲಿ ಅದೇ ಮನುಷ್ಯ 605 ರನ್ ಹೊಡೆದ. ಒನ್‌ಡೇಲಿ ಆಮೇಲೂ ಸೆಟ್ ಆಗ್ಲಿಲ್ಲ ಅನ್ನೋದು ಬೇರೆ ಮಾತು, ಆದ್ರೆ ಆ ಮೂರು ಬಾಲಿಂದ ಅದನ್ನ ಹೇಳೋಕಾಗ್ತಿರ್ಲಿಲ್ಲ.

ಹೆದರ್ಕೋಬೇಕಾಗಿರೋದು ಒಂದೇ ತರ ಔಟಾಗ್ತಿರೋವಾಗ. 2014ರ ಇಂಗ್ಲೆಂಡ್ ಟೂರಲ್ಲಿ ಕೊಹ್ಲಿ 10 ಇನ್ನಿಂಗ್ಸಲ್ಲಿ 134 ರನ್, ಅವರ ಫಾಸ್ಟ್ ಬೌಲರ್ ಆಂಡರ್ಸನ್ ಒಬ್ಬನೇ ನಾಲ್ಕು ಸಲ ತೆಗೆದ. ಆಫ್ ಸ್ಟಂಪ್ ಹತ್ರ ಬಿದ್ದ ಬಾಲು ಆಚೆ ಹೋಗೋದು, ಇವನು ಕಾಲು ಹಾಕ್ದೆ ಬ್ಯಾಟ್ ಮಾತ್ರ ಚಾಚೋದು, ಹಿಂದೆ ಕ್ಯಾಚು. ವಾಪಸ್ ಬಂದ್ಮೇಲೆ ಸಚಿನ್ ಹತ್ರ ಹೋಗಿ ಕೇಳಿದ, ಮುಂದಕ್ಕೆ ಕಾಲು ಹಾಕೋದು, ಸ್ಟಾನ್ಸ್ (ನಿಲ್ಲೋವಾಗ ಕಾಲುಗಳ ನಡುವಿನ ಅಂತರ) ಅಗಲ ಮಾಡೋದು, ಕ್ರೀಸ್ ಬಿಟ್ಟು ಆಚೆ ನಿಲ್ಲೋದು ಎಲ್ಲಾ ಬದಲಾಯಿಸ್ಕೊಂಡ. 2018ರಲ್ಲಿ ಅದೇ ಇಂಗ್ಲೆಂಡಲ್ಲಿ 593, ಆಂಡರ್ಸನ್‌ಗೆ ಒಂದೇ ಒಂದು ಸಲಾನೂ ವಿಕೆಟ್ ಕೊಡ್ಲಿಲ್ಲ. ಹಾಗಂತ ಎಲ್ಲಾ ಟೆಕ್ನಿಕ್ಕೇ ಅಂತಾನೂ ಅಲ್ಲ ಮತ್ತೆ, ಎಜ್‌ಬಾಸ್ಟನ್ನಲ್ಲಿ 21ರಲ್ಲಿದ್ದಾಗ ಆಂಡರ್ಸನ್ ಬಾಲಲ್ಲೇ ಸ್ಲಿಪ್ಪಲ್ಲಿ ಮಲಾನ್ ಕ್ಯಾಚ್ ಬಿಟ್ಟ, ಆ ಇನ್ನಿಂಗ್ಸು 149ಕ್ಕೆ ಹೋಗಿ ನಿಲ್ತು. ಆ ಕ್ಯಾಚ್ ಹಿಡಿದಿದ್ರೆ ನಾಲ್ಕು ವರ್ಷ ಆದ್ರೂ ಬುದ್ಧಿ ಬಂದಿಲ್ಲ ನೋಡು ಅಂತ ನಾವೇ ಬೈತಿದ್ವಿ.

ಆಟ ಬದಲಾಯಿಸೋದು ಅಂದ್ರೆ ಯಾವ ಮಟ್ಟಕ್ಕೆ ಅಂತ ನೋಡ್ಬೇಕಾ, 2004ರ ಸಿಡ್ನಿ ಟೆಸ್ಟ್ ಹಾಕ್ಕೊಂಡು ನೋಡಿ. ಆ ಸೀರೀಸಲ್ಲಿ ಸಚಿನ್ ಕವರ್ ಡ್ರೈವ್ ಹೊಡೆಯೋಕೆ ಹೋಗಿ ಔಟಾಗ್ತಿದ್ರು. ಸರಿ, ಆ ಶಾಟೇ ಬೇಡ ಅಂತ ಪಕ್ಕಕ್ಕಿಟ್ಟು 436 ಬಾಲಲ್ಲಿ 241 ನಾಟೌಟ್. ಬೌಲರ್‌ಗಳು ಆಫ್ ಸ್ಟಂಪ್ ಆಚೆ ಹಾಕಿ ಹಾಕಿ ಸುಸ್ತಾಗಿ ಕಾಲಿಗೆ ಹಾಕಿದ ತಕ್ಷಣ ಲೆಗ್ ಸೈಡಿಗೆ. ತನಗೆ ಅಷ್ಟು ಚೆನ್ನಾಗಿ ಬರೋ ಶಾಟನ್ನೇ ಬಿಡೋದು ಎಲ್ಲರ ಕೈಲಾಗೋದಲ್ಲ.

ನಿಮ್ಮ ಹುಡುಗ ಕೊನೇ ಹತ್ತು ಹದಿನೈದು ಸಲ ಹೇಗೆ ಔಟಾಗಿದಾನೆ, ಕೂತ್ಕೊಂಡು ಒಂದ್ಸಲ ವಿಡಿಯೋ ನೋಡಿ.

ಬೆಂಚ್ ಕಾಯೋನು:
ಸ್ಲಿಪ್ ಸರ್ ಹೇಳಿದ್ದು ಕೇಳೋಕೆ ಚೆನ್ನಾಗಿದೆ, ಆದ್ರೆ ಎಲ್ಲರಿಗೂ 2014ರಿಂದ 2018ರ ತನಕ ಟೈಮ್ ಸಿಗಲ್ವಲ್ಲ. ಕರುಣ್ ನಾಯರ್ 2016ರ ಡಿಸೆಂಬರಲ್ಲಿ ಚೆನ್ನೈನಲ್ಲಿ 303 ನಾಟೌಟ್ ಮಾಡಿದ, 2017ರ ಮಾರ್ಚ್ ಆದ್ಮೇಲೆ ವರ್ಷಗಟ್ಟಲೆ ಒಂದು ಟೆಸ್ಟೂ ಆಡೋಕೆ ಸಿಗ್ಲಿಲ್ಲ. ಕರ್ನಾಟಕದಲ್ಲೂ ಜಾಗ ಹೋಯ್ತು, 2022ರಲ್ಲಿ ಕ್ರಿಕೆಟ್ಟೇ ಇನ್ನೊಂದು ಚಾನ್ಸ್ ಕೊಡಪ್ಪ ಅಂತ ಟ್ವೀಟ್ ಮಾಡ್ಕೊಂಡ ಪಾಪ. ವಿದರ್ಭಕ್ಕೆ ಹೋಗಿ 2024-25ರ ವಿಜಯ್ ಹಜಾರೆ ಅನ್ನೋ ಡೊಮೆಸ್ಟಿಕ್ ಒನ್‌ಡೇ ಟೂರ್ನಿಯಲ್ಲಿ 779 ರನ್, ಐದು ಸೆಂಚುರಿ, ಎರಡೇ ಸಲ ಔಟಾಗಿದ್ದಕ್ಕೆ ಆವರೇಜು 389.5! ಆ ಸಲ ರಣಜಿನೂ ವಿದರ್ಭಕ್ಕೇ. ಹಾಗಾಗಿ 2025ರಲ್ಲಿ ಇಂಗ್ಲೆಂಡಿಗೆ ಕರ್ಕೊಂಡು ಹೋದ್ರು. ಏನಾಯ್ತು? ಎಂಟು ಇನ್ನಿಂಗ್ಸಲ್ಲಿ ಒಂದೇ ಫಿಫ್ಟಿ. ಮತ್ತೆ ಆಚೆ.

ನನಗೆ ಅವನ ಮೇಲೆ ಪ್ರೀತಿ ಇದೆ, ಆದ್ರೂ ಆ ಟೂರ್ ಮುಗಿದ್ಮೇಲೆ ಇನ್ನೊಬ್ಬರಿಗೆ ಚಾನ್ಸ್ ಕೊಡಿ ಅಂತಾನೇ ಹೇಳಿದ್ದು. ಯಾಕಂದ್ರೆ ಡೊಮೆಸ್ಟಿಕ್ಕಲ್ಲಿ ವರ್ಷಗಟ್ಟಲೆ ರನ್ ಹೊಡ್ಕೊಂಡು ಬಾಗಿಲ ಹತ್ರ ನಿಂತಿರೋ ಇನ್ನೊಬ್ಬ ಕರುಣ್ ಯಾವಾಗ್ಲೂ ಇರ್ತಾನೆ. ಒಬ್ಬನಿಗೆ ತಾಳ್ಮೆ ತೋರ್ಸಿದ್ರೆ ಇನ್ನೊಬ್ಬನಿಗೆ ಅನ್ಯಾಯ ಮಾಡಿದ ಹಾಗೆ, ಫ್ಯಾನ್‌ಗಳು ಇದನ್ನ ಯೋಚನೆನೇ ಮಾಡಲ್ಲ.

ಸೆಕೆಂಡ್ ಸ್ಲಿಪ್:
ಆ ಎಂಟು ಇನ್ನಿಂಗ್ಸ್ ಸ್ವಲ್ಪ ಬಿಡಿಸಿ ನೋಡಿ ಬೆಂಚ್ ಅವ್ರೇ. 0, 20, 31, 26, 40, 14, 57, 17. ಮೊದಲನೇದು ಬಿಟ್ರೆ ಯಾವುದೂ ಬಂದ ತಕ್ಷಣ ಔಟಾಗಿರೋದಲ್ಲ. ಸೆಟ್ ಆಗಿ ಆಗಿ ಹೋಗಿದಾನೆ. ಇದನ್ನ ಒಳ್ಳೇದು ಅಂತಾನೂ ಓದ್ಬಹುದು, ಆ ಲೆವೆಲ್ಲಲ್ಲಿ ದೊಡ್ಡದು ಮಾಡೋಕೆ ಬೇಕಾಗಿರೋದು ಇಲ್ಲ ಅಂತಾನೂ ಓದ್ಬಹುದು, ನನಗಂತೂ ಇವತ್ತಿಗೂ ಡಿಸೈಡ್ ಆಗಿಲ್ಲ.

ಬೆಂಚ್ ಕಾಯೋನು:
ಸೆಲೆಕ್ಟರ್‌ಗಳಿಗೆ ಡಿಸೈಡ್ ಆಯ್ತಲ್ಲ ಬಿಡಿ.

ಮಾಜಿ ಹಾಫ್‌ಬ್ಯಾಕ್:
ಎಲ್ರೂ ಕ್ರಿಕೆಟ್ಟೇ ಮಾತಾಡ್ತಿದೀರ, ನಾನು ಹಾಕಿಯವಳು, ಟೀಮ್ ಸೋಲೋದು ಅಂದ್ರೆ ಏನು ಅಂತ ನಮ್ಮನ್ನ ಕೇಳಿ. 2008ರಲ್ಲಿ ಸ್ಯಾಂಟಿಯಾಗೋದಲ್ಲಿ ನಮ್ಮ ಇಂಡಿಯಾ ಗಂಡಸರ ಟೀಮ್ ಬ್ರಿಟನ್ ಮೇಲೆ 2-0 ಸೋತು ಒಲಿಂಪಿಕ್ಸಿಗೇ ಹೋಗೋಕಾಗ್ಲಿಲ್ಲ, 1928ರಿಂದ ಮೊದಲನೇ ಸಲ. 2012ರಲ್ಲಿ ಲಂಡನ್‌ಗೇನೋ ಹೋದ್ವಿ, ಆಡಿದ ಮ್ಯಾಚೆಲ್ಲ ಸೋತು 12 ಟೀಮಲ್ಲಿ 12ನೇದು. ಎಲ್ಲರನ್ನೂ ಮನೆಗೆ ಕಳಿಸಿ ಅಂತ ಕೂಗಾಡಿದ್ರಲ್ಲ ಆಗ, ಆ ಟೀಮಲ್ಲಿ ಗೋಲ್‌ಕೀಪರ್ ಶ್ರೀಜೇಶ್ ಇದ್ದ, ಮನ್‌ಪ್ರೀತ್ ಇದ್ದ. ಟೋಕಿಯೋದಲ್ಲಿ ಮನ್‌ಪ್ರೀತ್ ಕ್ಯಾಪ್ಟನ್, ಜರ್ಮನಿ ಮೇಲೆ 1-3 ಹಿಂದಿದ್ದವರು 5-4 ಗೆದ್ರು, ಕೊನೇ ಸೆಕೆಂಡುಗಳಲ್ಲಿ ಬಂದ ಪೆನಾಲ್ಟಿ ಕಾರ್ನರ್ ತಡೆದಿದ್ದು ಶ್ರೀಜೇಶ್. 41 ವರ್ಷ ಆದ್ಮೇಲೆ ಮೆಡಲ್ಲು. ಅದೇ ಟೋಕಿಯೋದಲ್ಲಿ ಲೀಗ್ ಹಂತದಲ್ಲಿ ಆಸ್ಟ್ರೇಲಿಯಾ ನಮಗೆ 7-1 ಬಾರಿಸಿತ್ತು, ಅವತ್ತು ರಾತ್ರಿ ಬಂದಿದ್ದ ಮೆಸೇಜುಗಳನ್ನ ಈಗ ತೆಗೆದು ಓದಿದ್ರೆ ನಗು ಬರುತ್ತೆ.

ಟೀಮ್ ವಿಷಯದಲ್ಲಿ ನಾನು ನೋಡೋದು ಸೋಲು ಎಷ್ಟು ದೊಡ್ಡದು ಅಂತಲ್ಲ, ಸೋತ ಮರುದಿನ ಯಾರನ್ನ ಉಳಿಸ್ಕೋತಾರೆ, ಯಾರನ್ನ ಬಲಿ ಕೊಡ್ತಾರೆ ಅಂತ. ಪ್ರತಿ ಸೋಲಿಗೂ ಕೋಚ್ ಬದಲಾಯಿಸೋ ಟೀಮ್ ಮೇಲೆ ನಂಬಿಕೆ ಇಟ್ಕೋಬೇಡಿ. ಮೊದಲೆಲ್ಲ ನಮ್ಮ ಹಾಕಿಯಲ್ಲೂ ಅದೇ ಆಗ್ತಿತ್ತು.

ಕಪ್ ಬಂತು ಕಣ್ರೋ:
ಆರ್‌ಸಿಬಿ ಫ್ಯಾನ್ ಮಾತಾಡ್ದೆ ಈ ಟಾಪಿಕ್ ಮುಗಿಯುತ್ತಾ 😄 2017ರಲ್ಲಿ 49ಕ್ಕೆ ಆಲೌಟ್ ಆಗಿದ್ದು ನೋಡಿದೀನಿ ಸ್ವಾಮಿ, ಹನ್ನೊಂದು ಜನರಲ್ಲಿ ಒಬ್ಬನೂ ಎರಡಂಕಿ ಮುಟ್ಟಿರ್ಲಿಲ್ಲ. ಆದ್ರೆ ಅದಕ್ಕಿಂತ ಜಾಸ್ತಿ ಪಾಠ ಇರೋದು 2016ರಲ್ಲಿ. ಕೊಹ್ಲಿ 973 ರನ್, ನಾಲ್ಕು ಸೆಂಚುರಿ, ಜೊತೆಗೆ ಡಿವಿಲಿಯರ್ಸು ಗೇಲು, ಆದ್ರೂ ಫೈನಲ್ಲಲ್ಲಿ ಎಂಟು ರನ್ನಿಂದ ಸೋತ್ವಿ. ಯಾಕೆ? ಹೈದರಾಬಾದಿಗೆ 208 ಬಿಟ್ಕೊಟ್ಟಿದ್ವಿ. ಅಲ್ಲಿಂದ ವರ್ಷ ವರ್ಷ ನಾವು ಬೈದಿದ್ದು ಬ್ಯಾಟ್ಸ್‌ಮನ್‌ಗಳನ್ನ, ತೂತಿದ್ದಿದ್ದು ಬೌಲಿಂಗಲ್ಲಿ. ಮಾಳಿಗೆ ಸೋರ್ತಿದ್ರೆ ಗೋಡೆಗೆ ಬಣ್ಣ ಹೊಡೆದ ಹಾಗೆ ಪ್ರತಿ ಹರಾಜಲ್ಲೂ ಇನ್ನೊಬ್ಬ ಸಿಕ್ಸ್ ಹೊಡೆಯೋನನ್ನ ತರೋದು.

2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತು ಆಮೇಲೆ ಆರು ಸಾಲಾಗಿ ಗೆದ್ದು ಪ್ಲೇಆಫ್‌ಗೆ ಹೋದ್ವಿ, ಅದು ಖುಷಿ ಕೊಡ್ತು ನಿಜ, ಆದ್ರೆ ತೂತು ಮುಚ್ಚಿದ್ದು ಅದಾದ್ಮೇಲಿನ ಹರಾಜಲ್ಲಿ. ಬೌಲಿಂಗಿಗೆ ಹೇಜಲ್‌ವುಡ್ಡು, ಭುವಿ (ಭುವನೇಶ್ವರ್ ಕುಮಾರ್), ಕೃನಾಲ್ ಬಂದ್ರು. ಹರಾಜಿನ ದಿನ ದೊಡ್ಡ ಹೆಸರು ಯಾಕೆ ತಗೊಳ್ಲಿಲ್ಲ ಅಂತ ಗೋಳಾಡಿದವರು ಎಷ್ಟು ಜನ! 2025ರಲ್ಲಿ ಲೀಗಿನ ಏಳು ಅವೇ ಮ್ಯಾಚೂ ಗೆದ್ವಿ, ಜೂನ್ 3ಕ್ಕೆ ಪಂಜಾಬ್ ಮೇಲೆ ಆರು ರನ್ನಿಂದ ಕಪ್ಪು, ಫೈನಲ್ಲಲ್ಲಿ ಕೃನಾಲ್ 17 ರನ್ ಕೊಟ್ಟು ಎರಡು ವಿಕೆಟು, ಮ್ಯಾನ್ ಆಫ್ ದಿ ಮ್ಯಾಚು. ನಿಮ್ಮ ಟೀಮ್ ಯಾಕೆ ಸೋಲ್ತಿದೆ ಅಂತ ಒಂದೇ ಲೈನಲ್ಲಿ ಹೇಳಿ ನೋಡೋಣ. ಅದನ್ನ ಮ್ಯಾನೇಜ್‌ಮೆಂಟೂ ಕಂಡ್ಕೊಂಡಿದ್ರೆ ಕಾಯಿರಿ. ಮತ್ತದೇ ತರದ ಪ್ಲೇಯರನ್ನೇ ತರ್ತಿದ್ರೆ ಆ ಸೀಸನ್ ಬೇರೆ ಏನಾದ್ರೂ ಕೆಲಸ ನೋಡ್ಕೊಳ್ಳಿ.

ಆಫ್‌ಸೈಡ್ ಟ್ರ್ಯಾಪ್:
ಮ್ಯಾಂಚೆಸ್ಟರ್ ಯುನೈಟೆಡ್ ಫ್ಯಾನು. 2024-25ರಲ್ಲಿ ಪ್ರೀಮಿಯರ್ ಲೀಗಲ್ಲಿ 15ನೇ ಜಾಗ. ಯುರೋಪಾ ಲೀಗ್ ಫೈನಲ್ಲಲ್ಲಿ ಸೋತಿದ್ದು 17ನೇ ಜಾಗದ ಟಾಟ್ನಮ್ ಮೇಲೆ. ಸಲಹೆ ಕೊಡೋ ಸ್ಥಿತಿಯಲ್ಲಿ ನಾನಿಲ್ಲ, ಹಾಜರಿ ಹಾಕೋಣ ಅಂತ ಬಂದೆ.

ನೈಟ್‌ವಾಚ್‌ಮನ್:
ಮುಗೀತಾ ಅನ್ನೋ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ, ಬೇಜಾರಾದ್ರೆ ಕ್ಷಮಿಸಿ. ಒಬ್ಬ ಆಟಗಾರನ ದೌರ್ಬಲ್ಯ ಕಾಡ್ತಿರೋ ತನಕ ಅದು ಫಾರ್ಮ್ ಸಮಸ್ಯೆ. ಅವನ ಬಲಾನೇ ಅವನನ್ನ ಬಿಟ್ಟು ಹೋದಾಗ ಮುಗೀತು ಅಂತ. ದ್ರಾವಿಡ್ ಅವರು 2011ರಲ್ಲಿ ಇಂಗ್ಲೆಂಡಲ್ಲಿ ಟೀಮ್ 4-0 ಸೋಲ್ತಿದ್ರೂ ಮೂರು ಸೆಂಚುರಿ ಹೊಡೆದ್ರು, ಓವಲ್ಲಲ್ಲಿ ಮೊದಲಿಂದ ಕೊನೇ ತನಕ ನಿಂತು 146 ನಾಟೌಟ್. ಕೆಲವೇ ತಿಂಗಳಿಗೆ ಆಸ್ಟ್ರೇಲಿಯಾಕ್ಕೆ ಹೋದ್ರೆ ಮತ್ತೆ ಮತ್ತೆ ಬೌಲ್ಡ್. ಬೇರೆ ಯಾರಾದ್ರೂ ಆಗಿದ್ರೆ ಸುಮ್ನಿರ್ತಿದ್ದೆ, ಆದ್ರೆ ಗೋಡೆ ಅಂತ ಹೆಸರಾದವರ ಬ್ಯಾಟು ಪ್ಯಾಡಿನ ನಡುವೆ ಬಾಲ್ ನುಗ್ತಿದೆ ಅಂದ್ರೆ ಅದರ ಅರ್ಥ ಅವರಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು ಅನ್ಸುತ್ತೆ, 2012ರ ಮಾರ್ಚಲ್ಲಿ ನಿವೃತ್ತಿ ಹೇಳಿದ್ರು. ಯಾರೂ ತೆಗೀಲಿ ಅಂತ ಕೂಗೋ ಹಾಗೆ ಮಾಡ್ಲಿಲ್ಲ.

ಕೊಹ್ಲಿದೂ ಹಾಗೇ ನೋಡಿ. 2018ರಲ್ಲಿ ಸರಿ ಮಾಡ್ಕೊಂಡಿದ್ದ ಅದೇ ಆಫ್ ಸ್ಟಂಪ್ ಆಚೆಯ ಬಾಲು 2024-25ರ ಆಸ್ಟ್ರೇಲಿಯಾ ಟೂರಲ್ಲಿ ವಾಪಸ್ ಬಂತು. ಪರ್ತ್‌ನಲ್ಲಿ ಒಂದು ಸೆಂಚುರಿ, ಉಳಿದಿದ್ದೆಲ್ಲ ಕೀಪರ್‌ಗೆ ಇಲ್ಲ ಸ್ಲಿಪ್ಪಿಗೆ. ಈ ಸಲ ಸರಿ ಮಾಡ್ಕೊಳ್ಳೋಕೆ ಇನ್ನೂ ನಾಲ್ಕು ವರ್ಷ ಕೈಯಲ್ಲಿ ಇರ್ಲಿಲ್ಲ. ಮೇ ತಿಂಗಳಲ್ಲಿ ಟೆಸ್ಟ್ ಬಿಟ್ರು. ಅದೇ ಸೀಸನ್ ಐಪಿಎಲ್ಲಲ್ಲಿ 657 ರನ್ ಬೇರೆ. ಅಂದ್ರೆ ಒಂದು ಫಾರ್ಮ್ಯಾಟಲ್ಲಿ ಮುಗಿಯೋದು, ಇನ್ನೊಂದರಲ್ಲಿ ಓಡ್ತಿರೋದು, ಎರಡೂ ಒಟ್ಟಿಗೇ ಆಗ್ಬಹುದು. ನಿಮ್ಮವನದು ಯಾವ ಫಾರ್ಮ್ಯಾಟ್ ಅಂತ ನೀವು ಹೇಳೇ ಇಲ್ಲ.

ಮಾಜಿ ಹಾಫ್‌ಬ್ಯಾಕ್:
ಒಂದು ಮಾತು ಬಿಟ್ಟೋಯ್ತು. ಕೆಲವು ಸಲ ಟೆಕ್ನಿಕ್ಕೂ ಅಲ್ಲ ವಯಸ್ಸೂ ಅಲ್ಲ, ತಲೆ ದಣಿದಿರುತ್ತೆ. ಕೊಹ್ಲಿನೇ 2022ರಲ್ಲಿ ಒಂದು ತಿಂಗಳು ಬ್ಯಾಟೇ ಮುಟ್ಟಿಲ್ಲ, ಜೋಶ್ ಇದೆ ಅಂತ ನಟಿಸ್ತಿದ್ದೆ ಅಂತ ಬಾಯ್ಬಿಟ್ಟು ಹೇಳಿದ್ರು, ಅದಾದ್ಮೇಲಿನ ಏಷ್ಯಾ ಕಪ್ಪಲ್ಲೇ 2019ರ ನವೆಂಬರಿಂದ ಕಾಯ್ತಿದ್ದ 71ನೇ ಸೆಂಚುರಿ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಟೋಕಿಯೋದಲ್ಲಿ ಟೀಮ್ ಫೈನಲ್ ಮಧ್ಯೆ ಹಿಂದೆ ಸರಿದಾಗ ಹೆದರಿ ಓಡಿದ್ಲು ಅಂದವರು ಕಮ್ಮಿ ಇರ್ಲಿಲ್ಲ, ಪ್ಯಾರಿಸ್ಸಲ್ಲಿ ಮೂರು ಚಿನ್ನ. ಅದಕ್ಕೇ ತೆಗೀರಿ ಅನ್ನೋದನ್ನೂ ನಾನು ಬೈಗುಳ ಅಂತ ಅನ್ಕೊಳಲ್ಲ, ಎರಡು ತಿಂಗಳು ಮನೇಲಿದ್ರೆ ಅವರಿಗೂ ಒಳ್ಳೇದು. ಬೈಗುಳ ಅಂದ್ರೆ ಸೋತ ದಿನ ಅವರ ಹೆಂಡ್ತಿ ಮಕ್ಕಳ ಫೋಟೋ ಕೆಳಗೆ ಹೋಗಿ ಬರೀತಾರಲ್ಲ ಅದು. ಆ ತರದವರು ನಿಮ್ಮ ಗ್ರೂಪಲ್ಲಿದ್ರೆ ಮೊದಲು ಗ್ರೂಪ್ ಮ್ಯೂಟ್ ಮಾಡಿ.

ಕೇಳಿದ್ದವರು:
ಇಷ್ಟೊಂದು ಬರ್ದಿದೀರ, ಎಲ್ರಿಗೂ ಥ್ಯಾಂಕ್ಸ್. ರಣಜಿನೂ ಆಡ್ತಾನೆ, ಟಿ20ನೂ ಆಡ್ತಾನೆ, ಎರಡರಲ್ಲೂ ಇದೇ ಕಥೆ. ಸ್ಲಿಪ್ ಅವ್ರು ಹೇಳಿದ್ಮೇಲೆ ವಿಡಿಯೋ ಹುಡುಕಿ ನೋಡಿದೆ, ಎಡಗೈ ಫಾಸ್ಟ್ ಬೌಲರ್ ಹಾಕೋ ಒಳಗೆ ಬರೋ ಬಾಲು, ಹೆಚ್ಚಿನವು ಅದೇ, ಎಲ್‌ಬಿಡಬ್ಲ್ಯೂ ಇಲ್ಲ ಬೌಲ್ಡ್. ಸ್ಪಿನ್ನರ್ ಮೇಲೆ ಈಗ್ಲೂ ಚೆನ್ನಾಗೇ ಆಡ್ತಾನೆ. ಮ್ಯಾನೇಜ್‌ಮೆಂಟ್ ಅವನನ್ನ ಓಪನಿಂಗಿಂದ ತೆಗೆದಿಲ್ಲ. ವಯಸ್ಸು 29.

ಸೆಕೆಂಡ್ ಸ್ಲಿಪ್:
29 ಅಂದ್ರೆ ಏನೂ ಆಗಿಲ್ಲ ಮಾರಾಯ್ರೆ. ಮುಂಗಾಲು ಆಫ್ ಸ್ಟಂಪ್ ಕಡೆ ಅಡ್ಡ ಬೀಳ್ತಿರ್ಬೇಕು, ಬ್ಯಾಟು ಪ್ಯಾಡ್ ಸುತ್ತಿ ಬರೋಷ್ಟರಲ್ಲಿ ಬಾಲ್ ತಾಗಿರುತ್ತೆ. ಮುಂದಿನ ಮ್ಯಾಚಲ್ಲಿ ಗಾರ್ಡ್ ಎಲ್ಲಿ ತಗೋತಾನೆ, ಅಂದ್ರೆ ಸ್ಟಂಪ್ ಮುಂದೆ ಎಲ್ಲಿ ನಿಲ್ತಾನೆ ನೋಡಿ. ಲೆಗ್ ಸ್ಟಂಪ್ ಕಡೆ ಸರಿದು ನಿಂತಿದ್ರೆ, ಮುಂಗಾಲು ನೇರ ಬೌಲರ್ ಕಡೆ ಬರ್ತಿದ್ರೆ ಯಾರೋ ಕೂರ್ಸಿ ಹೇಳ್ಕೊಟ್ಟಿದಾರೆ ಅಂತ, ಆ ಮ್ಯಾಚಲ್ಲಿ ಸೊನ್ನೆಗೆ ಔಟಾದ್ರೂ ಚಿಂತೆ ಇಲ್ಲ. ಅಥವಾ ಅವನನ್ನ ನಾಲ್ಕಕ್ಕೋ ಐದಕ್ಕೋ ಇಳ್ಸಿದ್ರೆ ಅದೂ ಒಳ್ಳೇದೇ, ಬಾಲ್ ಹಳೇದಾಗಿರುತ್ತೆ, ಸ್ಪಿನ್ನರ್ ಬಂದಿರ್ತಾನೆ. ಇವೆರಡೂ ಆಗ್ದೆ ಹಳೇ ಜಾಗದಲ್ಲಿ ಹಳೇ ತರಾನೇ ನಿಂತಿದ್ರೆ, ಎದುರು ಟೀಮಲ್ಲಿ ಎಡಗೈ ಫಾಸ್ಟ್ ಬೌಲರ್ ಇರೋ ದಿನ ಒಂದರ್ಧ ಗಂಟೆ ಲೇಟಾಗಿ ಟಿವಿ ಆನ್ ಮಾಡಿ.