ಹಳದಿ ಟೆಗು ಸಾಕೋ ಆಸೆ, ಅನುಭವ ಇರೋರು ಹೇಳ್ತೀರಾ?

ಡಲ್ಲಾಸ್_ಹುಡ್ಗ:
ಎಲ್ರಿಗೂ ನಮಸ್ಕಾರ. ಇರೋದು ಟೆಕ್ಸಾಸ್‌ನಲ್ಲಿ. ಇಲ್ಲೊಂದು ರೆಪ್ಟೈಲ್ ಎಕ್ಸ್‌ಪೋದಲ್ಲಿ ಟೆಗು ನೋಡ್ದೆ, ದಕ್ಷಿಣ ಅಮೆರಿಕದ್ದು, ಮೊದಲ ನೋಟಕ್ಕೆ ಥೇಟ್ ನಮ್ ಕಡೆ ಉಡ. ಸ್ಟಾಲ್‌ನವ್ರು ಕೈ ಮೇಲೆ ಬಿಟ್ರು, ಸೀಳು ನಾಲಿಗೆ ಚಾಚಿ ಚಾಚಿ ನನ್ನ ಮಣಿಕಟ್ಟು ಪೂರ್ತಿ ಪರೀಕ್ಷೆ ಮಾಡಿ ಆಮೇಲೆ ತೋಳಿನ ಮೇಲೆ ಗದ್ದ ಇಟ್ಟು ಮಲಗ್ಬಿಡ್ತು, ಅವತ್ತಿಂದ ತಲೇಲಿ ಅದೇ. ಈಗ ಹುಡುಕ್ತಾ ಹುಡುಕ್ತಾ ಹಳದಿ ಟೆಗು, ಅಂದ್ರೆ ಸಾಲ್ವೇಟರ್ ಡುಸೇನಿ, ಅದರ ಫೋಟೋ ನೋಡಿ ಮನಸ್ಸು ಅಲ್ಲೇ ನಿಂತಿದೆ. ಅದು ಸಿಗುತ್ತಾ? ಮಾಮೂಲಿ ಕಪ್ಪು-ಬಿಳಿ ಟೆಗುಗೂ ಇದಕ್ಕೂ ಸಾಕೋದ್ರಲ್ಲಿ ಏನು ವ್ಯತ್ಯಾಸ? ಇನ್ನೊಂದು ಮುಖ್ಯ ವಿಷ್ಯ, ನಮ್ಮನೇಲಿ ಮಾಂಸ ತರಲ್ಲ, ಹಣ್ಣು ಮೊಟ್ಟೆ ಮೇಲೆ ಬೆಳೆಸ್ಬೋದಾ?

ಓಹಾಯೋ_ಮಲೆನಾಡಿಗ:
ಕೊನೇ ಪ್ರಶ್ನೆಗೆ ಮೊದಲು ಹೇಳ್ತೀನಿ, ಆಗಲ್ಲ. ಬಾಳೆಹಣ್ಣು, ಮಾವು, ದ್ರಾಕ್ಷಿ ಎಲ್ಲಾ ಖುಷಿಯಿಂದ ತಿನ್ನುತ್ತೆ, ಆದ್ರೆ ಮರಿ ಬೆಳೆಯೋ ವಯಸ್ಸಲ್ಲಿ ಹುಳ, ಮೀನು, ಇಲಿ ಇಲ್ದೆ ಮೂಳೆ ಗಟ್ಟಿ ಆಗಲ್ಲ. ಫ್ರೀಜರ್‌ನಲ್ಲಿ ಇಲಿ ಇಡೋಕೆ ಮನೆಯವರು ಒಪ್ತಾರಾ ಅಂತ ಈಗ್ಲೇ ಕೂತು ಮಾತಾಡಿ, ಯಾಕಂದ್ರೆ ಇದು ಹದಿನೈದು ಇಪ್ಪತ್ತು ವರ್ಷದ ಸಂಬಂಧ.

ನನ್ನ ಹತ್ರ ಇರೋದು ಕಪ್ಪು-ಬಿಳಿ ಗಂಡು, ಅರ್ಜೆಂಟೀನಾದ್ದು ಅಂತಾರಲ್ಲ ಅದು, ನಾಲ್ಕಡಿಗೆ ಬಂದಿದೆ, ಕೆನ್ನೆ ಎರಡೂ ಕಡೆ ಊದಿ ಜೋತಾಡುತ್ತೆ. ಎಂಟಡಿ ಉದ್ದ ನಾಲ್ಕಡಿ ಅಗಲದ ಗೂಡು ಬೇಕೇ ಬೇಕು, ಕೆಳಗೆ ಒಂದಡಿ ಒದ್ದೆ ಮಣ್ಣು, ಅಗೆದು ಒಳಗೆ ಹೋಗಿ ಮಲಗೋಕೆ, ಮೈ ಕಾಯಿಸ್ಕೊಳ್ಳೋ ಜಾಗದ ಕಲ್ಲು 50 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ, ಮೇಲೆ ಯುವಿಬಿ ಲೈಟು, ಅಂದ್ರೆ ಬಿಸಿಲಿನ ಥರ ನೇರಳಾತೀತ ಕಿರಣ ಕೊಡೋ ದೀಪ. ಇಷ್ಟೆಲ್ಲಾ ಮಾಡಿದ್ಮೇಲೆ ಸಿಗೋದು ಏನು ಗೊತ್ತಾ, ಸಂಜೆ ಬಾಗಿಲು ತೆಗೆದ್ರೆ ತಾನೇ ನಡ್ಕೊಂಡು ಬಂದು ಸೋಫಾ ಪಕ್ಕ ಮಲಗುತ್ತೆ, ನಿಮ್ಮ ವಾಸನೆ ಗೊತ್ತಿರುತ್ತೆ, ಹೊಸಬರು ಬಂದ್ರೆ ಉಸಿರು ಬುಸ್ ಅಂತ ಬಿಟ್ಟು ದೂರ ನಿಲ್ಲುತ್ತೆ. ಹಾವು ಸಾಕಿದ್ದೀನಿ, ಗೆಕ್ಕೋ ಸಾಕಿದ್ದೀನಿ, ಈ ಪರಿಚಯ ಅವುಗಳಲ್ಲಿ ನನಗೆ ಸಿಕ್ಕಿಲ್ಲ. ಅದಕ್ಕೆ ಬಣ್ಣದ ಹಿಂದೆ ಹೋಗ್ಬೇಡಿ ಅಂತೀನಿ, ಬ್ಲೂ ಟೆಗು ಅಂತ ಮಾರ್ತಾರಲ್ಲ ಅದೂ ಇದೇ ಜಾತಿ, ಬಣ್ಣ ಅಷ್ಟೇ ಬೇರೆ.

ಕಾಂಪಿನಾಸ್_ಇಂದ:
ನಾನು ಬ್ರೆಜಿಲ್‌ನಲ್ಲಿ ಇರೋದು, ಸಾವೊ ಪಾಲೊ ರಾಜ್ಯ. ಕಪ್ಪು-ಬಿಳಿ ಟೆಗು ಇಲ್ಲಿ ತೋಟ, ರಸ್ತೆ ಬದಿ ಎಲ್ಲಾ ಕಡೆ ಕಾಣುತ್ತೆ, ಟೇಯು ಅಂತಾರೆ. ಹಳದಿದು ಹಾಗಲ್ಲ. ಅದು ಸೆರಾಡೋ, ಅಂದ್ರೆ ಬ್ರೆಜಿಲ್ ನಡುಭಾಗದ ಕುರುಚಲು ಹುಲ್ಲುಗಾವಲಿನ ಪ್ರಾಣಿ, 1910ರಲ್ಲಿ ಹೆಸರು ಕೊಟ್ಟಿದ್ದು, ಆ ಸೆರಾಡೋದಲ್ಲಿ ಹೆಚ್ಚುಕಮ್ಮಿ ಅರ್ಧ ಈಗಾಗ್ಲೇ ಸೋಯಾ ಹೊಲ, ದನದ ಮೇವಿನ ಜಾಗ ಆಗೋಗಿದೆ. ಬ್ರೆಜಿಲ್‌ನಲ್ಲಿ 1967ರ ಕಾನೂನಿನಿಂದ ಕಾಡುಪ್ರಾಣಿ ವ್ಯಾಪಾರ ಬಂದ್, ಹಾಗಾಗಿ ಯಾರಾದ್ರೂ ಹಳದಿ ಟೆಗು ಇದೆ ಅಂದ್ರೆ ಅದರ ಅಪ್ಪ-ಅಮ್ಮ ಎಲ್ಲಿಂದ ಬಂದ್ವು ಅಂತ ಕೇಳಿ, ಉತ್ತರ ತಡವರಿಸಿದ್ರೆ ಬಿಟ್ಬಿಡಿ. ನೀವು ಟೆಕ್ಸಾಸ್ ಅಂದ್ರಲ್ಲ, 1980ರ ದಶಕದಲ್ಲಿ ಅರ್ಜೆಂಟೀನಾದಿಂದ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಟೆಗು ಚರ್ಮ ಹೊರಗೆ ಹೋಗ್ತಿತ್ತು, ಅದರಲ್ಲಿ ಎಷ್ಟೋ ನಿಮ್ಮ ಕಡೆ ಕೌಬಾಯ್ ಬೂಟಿಗೆ.

ಮಾಮೂಲಿ ಟೆಗುನ ಕಡೆಗಣಿಸ್ಬೇಡಿ. ಇಲ್ಲಿ ರಿಯೊ ಕ್ಲಾರೊದಲ್ಲಿ ಸಾಕಿದ್ದ ಟೆಗುಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಬಂತು, ಬೆದೆ ಕಾಲದಲ್ಲಿ, ಅಂದ್ರೆ ಸೆಪ್ಟೆಂಬರ್‌ನಿಂದ ಡಿಸೆಂಬರ್, ರಾತ್ರಿ ಬಿಲದೊಳಗೆ ಬಿಸಿಲೇ ಇಲ್ದೆ ಮೈ ಬಿಸಿನ ಸುತ್ತಲಿಗಿಂತ 10 ಡಿಗ್ರಿ ತನಕ ಜಾಸ್ತಿ ಇಟ್ಕೊಳ್ಳುತ್ತೆ. ತಣ್ಣನೆ ರಕ್ತದ ಪ್ರಾಣಿ ಅಂತ ಸ್ಕೂಲಲ್ಲಿ ಓದಿದ್ವಲ್ಲ, ಅದು ಹೀಗೆ ಮಾಡುತ್ತೆ ಅಂದ್ರೆ ನನಗಂತೂ ಇದಕ್ಕಿಂತ ಅಪರೂಪದ್ದು ಬೇಡ. ಮರಿ ಮೊಟ್ಟೆಯಿಂದ ಬಂದಾಗ ತಲೆ, ಕತ್ತು ಪೂರ್ತಿ ಎಳೆ ಹಸಿರು, ಬೆಳೀತಾ ಮಾಸಿ ಹೋಗುತ್ತೆ, ಆಗ ನೋಡ್ಬೇಕು.

ಮಯಾಮಿ_ಮಂಜು:
ಒಂದು ಮಾತು, ಫ್ಲಾರಿಡಾಗೆ ಶಿಫ್ಟ್ ಆಗೋ ಯೋಚನೆ ಇದ್ರೆ ತಗೋಬೇಡಿ. 2021ರಿಂದ ಇಲ್ಲಿ ಟೆಗು ನಿಷೇಧಿತ ಪಟ್ಟಿಲಿದೆ. ತಪ್ಪಿಸಿಕೊಂಡಿದ್ದು, ಬಿಟ್ಟಿದ್ದು ಎಲ್ಲಾ ಸೇರಿ ಮಯಾಮಿ-ಡೇಡ್ ಕಡೆ ಕಾಡಲ್ಲೇ ಮರಿ ಹಾಕ್ತಿವೆ, ಒಂದು ಹೆಣ್ಣು ಒಂದೇ ಸಲಕ್ಕೆ ಮೂವತ್ತರ ಹತ್ರ ಮೊಟ್ಟೆ ಇಡುತ್ತೆ, ಅಲಿಗೇಟರ್ ಗೂಡಿಂದ ಮೊಟ್ಟೆ ಕದಿಯೋದು ಕ್ಯಾಮೆರಾದಲ್ಲಿ ಸಿಕ್ಕಿದೆ. ಅದರ ತಪ್ಪಲ್ಲ, ತಂದು ಬಿಟ್ಟವರದ್ದು.

ಬಸವನಗುಡಿ_ರೆಪ್ಟೈಲ್ಸ್:
ಬೆಂಗಳೂರಿಂದ ಓದ್ತಿರೋರಿಗೆ: ಟೆಗು ಸೈಟಿಸ್ (ಕಾಡುಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಲಿರೋ ಪ್ರಾಣಿ, ನಮ್ಮ ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ ಆದ್ಮೇಲೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು, ಕಾಗದ ಇಲ್ಲದ ಮರಿ ಕಡೆ ತಲೆ ಹಾಕ್ಬೇಡಿ. ಟೆಗು ಸಿಗ್ಲಿಲ್ಲ ಅಂತ ಉಡ ತಂದಿಟ್ಕೊಂಡ್ರೆ ಜೈಲೇ, ಅದು ಆ ಕಾಯ್ದೆಯ ಶೆಡ್ಯೂಲ್ ಒಂದರಲ್ಲಿದೆ, ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿ.

ಡಲ್ಲಾಸ್_ಹುಡ್ಗ:
ಎಲ್ರಿಗೂ ಥ್ಯಾಂಕ್ಸ್. ಮನೇಲಿ ಮಾತಾಡ್ದೆ, ಗ್ಯಾರೇಜಲ್ಲಿ ಬೇರೆ ಫ್ರೀಜರ್ ಇಟ್ರೆ ಓಕೆ ಅಂದ್ರು. ಹಳದಿ ಬಿಟ್ಟೆ, ಬ್ರೀಡರ್ ಹತ್ರ ಹುಟ್ಟಿದ ಕಪ್ಪು-ಬಿಳಿ ಮರಿನೇ. ಟೆಗು ಚಳಿಗಾಲ ಪೂರ್ತಿ ನಿದ್ದೆ ಹೋಗುತ್ತೆ ಅಂತಾರಲ್ಲ, ಮೊದಲನೇ ಚಳಿಗಾಲ ಮರಿನೂ ಹೋಗುತ್ತಾ?

ಓಹಾಯೋ_ಮಲೆನಾಡಿಗ:
ಕೆಲವು ಹೋಗ್ತವೆ, ಕೆಲವು ಬರೀ ಮಂಕಾಗ್ತವೆ. ಅಕ್ಟೋಬರ್ ಹೊತ್ತಿಗೆ ತಾನೇ ತಿನ್ನೋದು ಬಿಟ್ರೆ ಬಲವಂತ ಮಾಡ್ಬೇಡಿ, ಗೂಡು ಮುಟ್ಟದೆ ನೀರಿನ ಬಟ್ಟಲು ಮಾತ್ರ ತುಂಬಿಸ್ತಾ ಇರಿ, ಆಗಾಗ ತೂಕ ನೋಡಿ. ತೂಕ ಇಳೀತಾ ಇದ್ರೆ ರೆಪ್ಟೈಲ್ ಗೊತ್ತಿರೋ ವೆಟ್ ಹತ್ರ ಕರ್ಕೊಂಡು ಹೋಗಿ.