ವಿಂಡೋಸ್ 98ರಲ್ಲಿ ಕನ್ನಡ ವಿಕಿಪೀಡಿಯ ಓದಲು ದಾರಿ ಉಂಟಾ?

ಡೊಂಬಿವಲಿ98

ಪೆಂಟಿಯಂ ಎಂಎಂಎಕ್ಸ್ 233, 64 ಎಂಬಿ ರ‍್ಯಾಮ್, ವಿಂಡೋಸ್ 98 ಸೆಕೆಂಡ್ ಎಡಿಷನ್, ಬ್ರೌಸರ್ ಐಇ (ಇಂಟರ್ನೆಟ್ ಎಕ್ಸ್‌ಪ್ಲೋರರ್) 5. ಲ್ಯಾಮಿಂಗ್ಟನ್ ರೋಡಿನಿಂದ ತಂದ ರಿಯಲ್‌ಟೆಕ್ 8139 ನೆಟ್‌ವರ್ಕ್ ಕಾರ್ಡ್ ಕೂತಿದೆ, ರೂಟರಿಗೆ ಪಿಂಗ್ ಹೋಗ್ತದೆ. ಆದರೆ ಕನ್ನಡ ವಿಕಿಪೀಡಿಯ ಆಗಲಿ, ಪತ್ರಿಕೆಗಳ ಸೈಟ್ ಆಗಲಿ ತೆರೆಯೋದಿಲ್ಲ. ಸರ್ಟಿಫಿಕೇಟ್ (ಸೈಟಿನ ಗುರುತುಪತ್ರ) ಎಚ್ಚರಿಕೆ ಕೂಡ ಇಲ್ಲ, ನೇರವಾಗಿ ‘ಪುಟ ತೋರಿಸಲಾಗದು’. ಹೊಸ ರೂಟ್ ಸರ್ಟಿಫಿಕೇಟ್ ಹಾಕಿದರೂ ಅದೇ ಕಥೆ. ಕೈಯಲ್ಲಿ ರಾಸ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್, 2 ಜಿಬಿ) ಉಂಟು. ರೂಟರ್ ಇರೋದು ಹಾಲ್‌ನಲ್ಲಿ, ಪಿಸಿ ಒಳಗಿನ ಕೋಣೆಯಲ್ಲಿ. ಸದ್ಯ ಕೇಬಲ್ ನೆಲದ ಮೇಲೆ ಹರಿದಾಡ್ತಿದೆ, ಖಾಯಂ ಬಿಡುವ ಹಾಗಿಲ್ಲ.

ಮಾಟುಂಗಾ_ಪೂರ್ವ

ಸರ್ಟಿಫಿಕೇಟ್ ಹಾಕಿ ಪ್ರಯೋಜನ ಇಲ್ಲ ಮಾರಾಯ್ರೆ, ಮಾತು ಅಲ್ಲಿವರೆಗೆ ಹೋಗುವುದೇ ಇಲ್ಲ. ಸೈಟಿನ ಜೊತೆ ಗುಪ್ತವಾಗಿ ಮಾತಾಡುವ ವಿಧಾನಕ್ಕೆ ಟಿಎಲ್‌ಎಸ್ ಅಂತಾರೆ, ಐಇ 5 ಹೆಚ್ಚೆಂದರೆ ಅದರ 1.0 ಮಾತಾಡ್ತದೆ. ಈಗಿನ ಸರ್ವರುಗಳು 1.2ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸರ್ಟಿಫಿಕೇಟ್ ಕೈಗೆ ಬರುವ ಮೊದಲೇ ಆಚೆಯವರು ಲೈನ್ ಕಟ್ ಮಾಡ್ತಾರೆ, ಎಚ್ಚರಿಕೆ ಕಾಣದ್ದು ಅದಕ್ಕೇ.

ಟಿಎಲ್‌ಎಸ್ ಒಂದನ್ನು ದಾಟಿಸಿದರೂ ಕನ್ನಡ ಕಾಣುವುದಿಲ್ಲ. ಯುನಿಕೋಡ್ ಕನ್ನಡ ಜೋಡಿಸುವ ವ್ಯವಸ್ಥೆ ವಿಂಡೋಸಿಗೆ ಬಂದದ್ದು ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್ ಜೊತೆ. ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಇತ್ತು, ನಮ್ಮದು ಇರಲಿಲ್ಲ. ಹಾಗಾಗಿ ನಿಮಗೆ ಬೇಕಾದ್ದು ಪುಟವನ್ನು ಬೇರೆ ಕಡೆ ತೆರೆದು ಚಿತ್ರ ಮಾಡಿ ಕೊಡುವ ಡಬ್ಲ್ಯುಆರ್‌ಪಿ, ಅಂದರೆ ವೆಬ್ ರೆಂಡರಿಂಗ್ ಪ್ರಾಕ್ಸಿ. ಪೈನಲ್ಲಿ ಕ್ರೋಮಿಯಂ ಪುಟ ತೆರೆಯುತ್ತದೆ, ನಿಮ್ಮ ಐಇಗೆ ಬರುವುದು ಒಂದು ಜಿಐಎಫ್ ಚಿತ್ರ. ಅದರ ಮೇಲೆ ಕ್ಲಿಕ್ ಮಾಡಿದ ಜಾಗದ ಅಳತೆ ಪೈಗೆ ವಾಪಸ್ ಹೋಗ್ತದೆ. ಚಿತ್ರವನ್ನೇ ಲಿಂಕ್ ಮಾಡುವ ಹಳೆಯ ಇಮೇಜ್ ಮ್ಯಾಪ್ ಉಪಾಯ ಅಷ್ಟೆ, ಬ್ರೌಸರಿಗೆ ಜಾವಾಸ್ಕ್ರಿಪ್ಟ್ ಕೂಡ ಬೇಡ.

ಕೇಬಲ್ ಸಮಸ್ಯೆಗೂ ಇದರಲ್ಲೇ ಮದ್ದುಂಟು. ಪೈಯ ವೈಫೈ ಮನೆ ರೂಟರಿಗೆ, ಅದರ ಈಥರ್ನೆಟ್ ಒಂದು ಮೀಟರ್ ಕೇಬಲಿನಲ್ಲಿ ನೇರ ಪಿಸಿಗೆ. ಸಾದಾ ಕೇಬಲ್ ಸಾಕು, ಕ್ರಾಸ್‌ಓವರ್ ಬೇಡ. ಐಪಿ ವಿಳಾಸ ಪೈಗೆ 10.0.0.1, ಪಿಸಿಗೆ 10.0.0.2, ಮಾಸ್ಕ್ 255.255.255.0. ಪಿಸಿಯಲ್ಲಿ ಗೇಟ್‌ವೇ (ಹೊರಗೆ ಹೋಗುವ ದಾರಿ), ಡಿಎನ್‌ಎಸ್ (ಸೈಟಿನ ಹೆಸರಿಗೆ ಐಪಿ ಹುಡುಕುವುದು) ಎರಡೂ ಖಾಲಿ. ಪುಟ ತರುವುದು ಪೈ, 98ಕ್ಕೆ ಇಂಟರ್ನೆಟ್ ಕೊಡುವ ಅಗತ್ಯವೇ ಇಲ್ಲ. ಪ್ಯಾಚ್ ನಿಂತು ಎಷ್ಟೋ ವರ್ಷ ಆದ ಸಿಸ್ಟಮ್ಮನ್ನು ಹೊರಗೆ ಬಿಡದೇ ಇರುವುದೇ ಕ್ಷೇಮ.

98ರಲ್ಲಿ ಐಪಿ ಬದಲಿಸಿದರೆ ಸಿಡಿ ಕೇಳ್ತದೆ. ಸಿಡಿಯ ವಿನ್98 ಫೋಲ್ಡರನ್ನು ಮೊದಲೇ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಕೇಳಿದಾಗ ಆ ಜಾಗ ತೋರಿಸಿ.

ಪೈನಲ್ಲಿ ಕ್ರೋಮಿಯಂ ಹಾಕಿ, ಡಬ್ಲ್ಯುಆರ್‌ಪಿಯ ಆರ್ಮ್64 ಫೈಲ್ ಇಳಿಸಿ ಎಕ್ಸಿಕ್ಯೂಟ್ ಅನುಮತಿ ಕೊಡಿ. ನಡೆಸುವಾಗ: -ಎಲ್ 10.0.0.1:8080 -ಟಿ ಜಿಐಎಫ್ -ಜಿ 780×440×216 (ಟೈಪ್ ಮಾಡುವುದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಗುಣಾಕಾರದ ಜಾಗದಲ್ಲಿ ಎಕ್ಸ್). ಕೊನೆಯದು ಅಗಲ, ಎತ್ತರ, ಬಣ್ಣ. 800×600 ಪರದೆಗೆ ಸರಿಹೊಂದುವ ಅಳತೆ. ಎತ್ತರಕ್ಕೆ 0 ಕೊಟ್ಟರೆ ಇಡೀ ಪುಟ ಒಂದೇ ಚಿತ್ರವಾಗಿ ಬರ್ತದೆ, ಆಸೆ ಪಡಬೇಡಿ. 780×10,000 ಪಿಕ್ಸೆಲ್ 16 ಬಿಟ್ ಬಣ್ಣದಲ್ಲಿ 15 ಎಂಬಿ ದಾಟ್ತದೆ. 64 ಎಂಬಿ ಪಿಸಿ ಹಾರ್ಡ್‌ಡಿಸ್ಕ್ ಕೆರೆಯುತ್ತಾ ಕೂರ್ತದೆ.

ಐಇಯಲ್ಲಿ ಪ್ರಾಕ್ಸಿ ಸೆಟ್ಟಿಂಗ್ ಮುಟ್ಟಬೇಡಿ. ಹೆಸರಲ್ಲಿ ಪ್ರಾಕ್ಸಿ ಇದ್ದರೂ ಇದನ್ನು ಸಾದಾ ಸೈಟಿನ ಹಾಗೆ ತೆರೆಯಬೇಕು: ಅಡ್ರೆಸ್ ಬಾರಿನಲ್ಲಿ ಎಚ್‌ಟಿಟಿಪಿ, 10.0.0.1:8080. ವಿಕಿಪೀಡಿಯದ ವಿಳಾಸ ಒಳಗೆ ಬರುವ ಪೆಟ್ಟಿಗೆಯಲ್ಲಿ.

ಡೊಂಬಿವಲಿ98

ಇಂಗ್ಲಿಷ್ ಪುಟ ಬಂತು ಸರ್! ಕನ್ನಡ ಮಾತ್ರ ಬರೀ ಚೌಕ ಚೌಕ. ಇನ್ನೊಂದು, ಪೈಯನ್ನು ರೀಬೂಟ್ ಮಾಡಿದ ಮೇಲೆ ಅದಕ್ಕೇ ಇಂಟರ್ನೆಟ್ ಇಲ್ಲ. ವೈಫೈ ಕನೆಕ್ಟ್ ಅಂತಲೇ ತೋರಿಸ್ತದೆ.

ಮಾಟುಂಗಾ_ಪೂರ್ವ

ಚೌಕ ಬಂದದ್ದು ಪೈನಲ್ಲಿ ಕನ್ನಡ ಫಾಂಟ್ ಇಲ್ಲದ್ದಕ್ಕೆ, 98ರದ್ದೇನೂ ತಪ್ಪಿಲ್ಲ. ಪೈನಲ್ಲಿ ಪ್ಯಾಕೇಜ್ ಹಾಕುವ ಆಪ್ಟ್‌ನಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜ್ ಹಾಕಿ. ಲೋಹಿತ್, ಗುಬ್ಬಿ ಬರ್ತವೆ. ಆಮೇಲೆ ಡಬ್ಲ್ಯುಆರ್‌ಪಿ ನಿಲ್ಲಿಸಿ ಮತ್ತೆ ಶುರು ಮಾಡಿ, ಓಡುತ್ತಿರುವ ಕ್ರೋಮಿಯಂ ಹೊಸ ಫಾಂಟನ್ನು ಕಂಡುಕೊಳ್ಳದೇ ಇರಬಹುದು. ಒತ್ತಕ್ಷರ ಕಲಸಿದ ಹಾಗೆ ಕಂಡರೆ ಝೂಮ್ ಒಂದು ಮೆಟ್ಟಿಲು ಏರಿಸಿ. ಸಣ್ಣ ಗಾತ್ರದಲ್ಲಿ 216 ಬಣ್ಣಕ್ಕೆ ಇಳಿಸಿದಾಗ ‘ಕ್ಷ್ಮ’ದಂಥವು ಕಪ್ಪು ಚುಕ್ಕೆ ಆಗ್ತವೆ.

ಇಂಟರ್ನೆಟ್ ಹೋದದ್ದು: ಪೈಯ ಈಥರ್ನೆಟ್ಟಿಗೆ ಗೇಟ್‌ವೇ ಕೊಟ್ಟಿದ್ದೀರಿ ಅಂತ ಕಾಣ್ತದೆ. ಹಾಗೆ ಕೊಟ್ಟರೆ ಪೈ ಹೊರಗಿನ ದಾರಿಯನ್ನು 98ರ ಕಡೆಗೇ ಹುಡುಕ್ತದೆ. ಪೈನಲ್ಲಿ ಎನ್‌ಎಂಟಿಯುಐ (ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಂ) ತೆರೆದು ವೈರ್ಡ್ ಕನೆಕ್ಷನ್, ಐಪಿವಿ4, ಗೇಟ್‌ವೇ ಅಳಿಸಿ. ಕೆಳಗೆ ಡಿಫಾಲ್ಟ್ ರೂಟ್‌ಗೆ ಬಳಸಬೇಡ ಅನ್ನುವ ಟಿಕ್ ಉಂಟು, ಅದನ್ನೂ ಹಾಕಿ.

ಪುಣೇರಿ486

ಒಂದು ಮಾತು ಸೇರಸ್ತೀನ್ರಿ. ಬ್ಯಾಟರಿ ಹೋಗಿ 98ರ ತಾರೀಖು ತಪ್ಪಿದ್ರ ಇಲ್ಲಿ ಚಿಂತಿಲ್ಲ, ಟಿಎಲ್‌ಎಸ್ ಕೆಲಸ ಎಲ್ಲಾ ಪೈದು. ಆದ್ರ ಪೈ 4ರಾಗ ಗಡಿಯಾರದ ಚಿಪ್ಪೇ ಇಲ್ಲ, ವೇಳೆ ಇಂಟರ್ನೆಟ್ಟಿಂದ ತಗೋತೈತಿ. ಲೈಟ್ ಹೋಗಿ ಬಂದಾಗ ರೂಟರಿಗಿಂತ ಮೊದಲ ಪೈ ಎದ್ರ ಹಳೇ ತಾರೀಖಿನ ಮ್ಯಾಲೇ ಕುಂದರತೈತಿ, ಆಗ ಸರ್ಟಿಫಿಕೇಟ್ ಎರರ್ ಬರತಾವ. ಎರಡು ನಿಮಿಷ ತಡೀರಿ, ತಾನ ಸರಿ ಹೋಗತೈತಿ.

ಬರೇ ಇಂಗ್ಲಿಷ್ ಓದೂದಿದ್ರ ಚಿತ್ರದ ಭಾರ ಯಾಕ? ವೆಬ್‌ಒನ್ ಹಾಕ್ರಿ. ಅದು ಖರೇ ಪ್ರಾಕ್ಸಿ, ಐಇಯ ಲ್ಯಾನ್ ಸೆಟ್ಟಿಂಗ್ಸ್‌ನಾಗ ಬರೀಬೇಕು. ಅಕ್ಷರ ಅಕ್ಷರವಾಗೇ ಬರತಾವ, ಕಾಪಿ ಮಾಡಬಹುದು. ಅದೂ 8080ರಾಗೇ ಕುಂದರತೈತಿ, ಎರಡೂ ಬೇಕಂದ್ರ ಒಂದನ್ನ 8081ಕ್ಕ ಸರಸ್ರಿ. ಕನ್ನಡ ಮಾತ್ರ ಅದರಾಗ ಕೇಳಬ್ಯಾಡ್ರಿ, 98ರಾಗ ಕನ್ನಡಕ್ಕ ಕೋಡ್‌ಪೇಜೇ (ಅಕ್ಷರಗಳ ಪಟ್ಟಿ) ಇಲ್ಲ.

 

ಡೊಂಬಿವಲಿ98

ಗೇಟ್‌ವೇ ಅಳಿಸಿದೆ, ಫಾಂಟ್ ಹಾಕಿದೆ, ಎರಡೂ ಸರಿಯಾಯ್ತು. ಝೂಮ್ ಏರಿಸಿದ ಮೇಲೆ ಒತ್ತಕ್ಷರ ಸ್ಪಷ್ಟ. ಇನ್ನು ಲಾಗಿನ್ ಮಾಡಬಹುದಾ?

ಮಾಟುಂಗಾ_ಪೂರ್ವ

ಪಾಸ್‌ವರ್ಡ್ ಪಿಸಿಯಿಂದ ಪೈವರೆಗೆ ಬಿಚ್ಚಾಗಿ ಹೋಗ್ತದೆ. ನಿಮ್ಮದು ಒಂದು ಮೀಟರ್ ಕೇಬಲ್, ನಡುವೆ ಯಾರೂ ಇಲ್ಲ, ವಿಕಿಪೀಡಿಯಕ್ಕೆ ಅಡ್ಡಿಯಿಲ್ಲ. ಬ್ಯಾಂಕು ಬೇಡ. -ಎಲ್ ಆದಮೇಲೆ ಐಪಿ ಬಿಟ್ಟು ಬರೀ :8080 ಅಂತ ಎಂದೂ ಬರೆಯಬೇಡಿ. ಡಬ್ಲ್ಯುಆರ್‌ಪಿಗೆ ಪಾಸ್‌ವರ್ಡ್ ಇಲ್ಲ, ವೈಫೈಯಲ್ಲಿರುವ ಯಾರಾದರೂ ನಿಮ್ಮ ಲಾಗಿನ್ನಿನಲ್ಲೇ ಓಡಾಡಬಹುದು.