ಸಹಾಯ ಬೇಕು: ತಂಗಿಯ ಏಜೆಂಟ್ ಕರಾರಿಗೆ ಸಹಿ ಹಾಕಬಹುದಾ?

ನನ್ನ ತಂಗಿ 400 ಮೀಟರ್ ಓಟಗಾರ್ತಿ, ಕಂಠೀರವದಲ್ಲಿ ಪ್ರಾಕ್ಟೀಸ್ ಮಾಡುತ್ತಾಳೆ. ಒಬ್ಬ ಏಜೆಂಟ್ ಶೂ ಕಂಪನಿಯ ಸ್ಪಾನ್ಸರ್‌ಶಿಪ್ ತಂದಿದ್ದಾರೆ. ಅಮ್ಮ ಆಗಲೇ ಕೇಸರಿಬಾತ್ ಮಾಡಿ ಬೀದಿಗೆಲ್ಲ ಹಂಚಿಬಿಟ್ಟರು!

ರಾತ್ರಿ ಕೂತು ಹನ್ನೊಂದು ಪುಟದ ಕರಾರು ಓದಿದೆ. ಗಾಯವಾಗಿ ಓಡದಿದ್ದರೆ ಕಂಪನಿ ಹಣ ಕಡಿತ ಮಾಡಬಹುದು. ಅದು ಈ ಲೈನಿನಲ್ಲಿ ಮಾಮೂಲಿ ಅಂತ ಕೋಚ್ ಹೇಳಿದರು, ಸರಿ. ತಲೆಕೆಟ್ಟಿದ್ದು ಒಂದೇ ಸಾಲಿಗೆ: ಏಜೆಂಟನ್ನು ಬಿಟ್ಟ ಮೇಲೂ ಎರಡು ವರ್ಷ ಬೇರೆ ಏಜೆಂಟ್ ಜೊತೆ ಸೇರುವ ಹಾಗಿಲ್ಲ. ಪರಿಚಯದ ವಕೀಲರು, 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ (ಯಾರನ್ನಾದರೂ ಉದ್ಯೋಗ-ವ್ಯಾಪಾರ ಮಾಡದಂತೆ ತಡೆಯುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು ಅನ್ನುತ್ತದೆ) ಮುಂದೆ ಇದು ನಿಲ್ಲುವುದು ಕಷ್ಟ ಅಂದರು. ಏಜೆಂಟ್ ಮಾತ್ರ "ಸುಮ್ನೆ ಹಾಕಿ, ಎಲ್ಲರೂ ಹಾಕ್ತಾರೆ" ಅಂತಾರೆ. ಶುಕ್ರವಾರ ಕೊನೆ ದಿನ.

ವಕೀಲರ ಮಾತು ನಂಬಿ ಸಹಿ ಹಾಕಬಹುದಾ, ಇಲ್ಲ ಆ ಸಾಲು ತೆಗೆಸಿಯೇ ಹಾಕಬೇಕಾ? ಇಂಥ ಕರಾರು ಮಾಡಿಕೊಂಡವರು ಯಾರಾದರೂ ಇದ್ದರೆ ಹೇಳಿ.